ಮುಟ್ಟಿ ನೋಡದ ಗಂಟು

“ಕೇಳ್ರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಂಬೆಯವರ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಅರಸರು ಕೊಡುತ್ತಾರೆ. ತಪ್ಪಿದರೆ ತಲೆದಂಡ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಕುಮಾರಿಗೆ ಕಾಡೇ ಗತಿ!”

ಡಂಗುರ ಕೇಳಿ ಮಾಳಿಂಗ ತಲೆ ತಗ್ಗಿಸಿದ. ಅವನು ದನಗಳ ಮೈಗಂಟು ಕೊಯ್ದು ವಾಸಿಮಾಡುವವನು. ಮದುವೆಯಾಗದ ಕುಮಾರಿಯ ಹೊಟ್ಟೆ ಉಬ್ಬಿದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಅವನ ತಂಗಿ ನಿಂಗವ್ವನ ಹೊಟ್ಟೆಯೂ ಹೀಗೇ ಉಬ್ಬಿತ್ತು. ಜನರ ಬಾಯಿಗೆ ಅಂಜಿ ಅವಳನ್ನು ಒಳಕೋಣೆಗೆ ಹಾಕಿ ಬಾಗಿಲೆಳೆದಿದ್ದ. ಹದಿನಾಲ್ಕನೆಯ ತಿಂಗಳಲ್ಲಿ ಅವಳು ತೀರಿಕೊಂಡಳು. ಕೂಸು ಇರಲಿಲ್ಲ.

ಆಸ್ಥಾನದಲ್ಲಿ, ಪರದೆಯ ಹಿಂದಿನಿಂದ ಕುಮಾರಿ ಕೇಳಿದಳು: “ಬಾಗಿಲಿನಿಂದ ಬಾರದೆ ಮನೆ ಸೇರಿದೆ. ಹನ್ನೆರಡು ತಿಂಗಳಾಯಿತು, ಒಮ್ಮೆಯೂ ಒದ್ದಿಲ್ಲ. ಏನದು?”

ನೆರೆಯೂರಿನ ಪಾಳೆಯಗಾರ ಮೀಸೆ ತಿರುವಿದ. “ಸೋಮಾರಿ ಕೂಸು! ಅಪ್ಪ ಯಾರೆಂದು ನೀವೇ ಹೇಳಬೇಕು.” ಸಭೆ ನಕ್ಕಿತು. ಅರಸ ಮುಖ ಮುಚ್ಚಿಕೊಂಡ. ಭಟರು ಪಾಳೆಯಗಾರನನ್ನು ಎಳೆದೊಯ್ದರು.

ಆಸ್ಥಾನ ವೈದ್ಯ ಎದ್ದ. “ಕೂಸಲ್ಲ, ರೋಗ.”

“ಸರಿ. ಅದು ತೊಟ್ಟಿಲಂತೆ ಎಡಕ್ಕೂ ಬಲಕ್ಕೂ ಜಾರುತ್ತದೆ. ಮೇಲಕ್ಕೆ ಕೆಳಕ್ಕೆ ತಳ್ಳಿದರೆ ಕದಲದು. ಏಕೆ?”

“ಜಲೋದರ, ಹೊಟ್ಟೆಯಲ್ಲಿ ನೀರು.”

“ನೀರು ಎತ್ತ ವಾಲಿದರೂ ಹರಿಯುತ್ತದೆ, ವೈದ್ಯರೇ.” ಅವನೂ ಹೋದ.

ಗುಂಪಿನಲ್ಲಿದ್ದ ಮಾಳಿಂಗ ಮುಂದೆ ಬಂದ. ‘ಅಣ್ಣಾ, ಒಂದ್ಸಲ ಮುಟ್ಟಿ ನೋಡು, ಆಚೀಚೆ ಜಾರತೈತಿ’ ಎಂದಿದ್ದಳು ನಿಂಗವ್ವ. ದಿನವಿಡೀ ದನಗಳ ಹೊಟ್ಟೆ ಸವರುವ ಕೈ, ತಂಗಿಯ ಹೊಟ್ಟೆ ಮುಟ್ಟಿರಲಿಲ್ಲ.

“ತಾಯೀ, ಅದು ಗಂಟು,” ಎಂದ. “ಕರುಳನ್ನು ಬೆನ್ನಿಗೆ ಕಟ್ಟಿರುವ ತೆಳುಪೊರೆಯಲ್ಲಿ ಬೆಳೆದಿದೆ. ಆ ಪೊರೆಯ ಕಟ್ಟು ಪಕ್ಕಕ್ಕೆ ಆಡಲು ಬಿಡುತ್ತದೆ, ಮೇಲೆ ಕೆಳಗೆ ಬಿಡುವುದಿಲ್ಲ.”

ಕುಮಾರಿ ಮೂರನೆಯ ಒಗಟು ಕೇಳಿದಳು: “ಹಣ್ಣು ಒಡೆದರೆ ಮನೆಗೆ ಕೇಡು. ಸಿಪ್ಪೆ ಉಳಿದರೆ ಮತ್ತೆ ಹಣ್ಣು. ಕೀಳುವುದು ಹೇಗೆ?”

“ಚೀಲ ಒಡೆಯದೆ, ಚೂರೂ ಉಳಿಸದೆ, ಇಡಿಯಾಗಿ. ಮುಟ್ಟಿ ನೋಡಲೇ, ತಾಯಿ?”

“ಇಷ್ಟು ಜನರಲ್ಲಿ ಹಾಗೆ ಕೇಳಿದವನು ನೀನೊಬ್ಬನೇ.”

ಸೂಲಗಿತ್ತಿ ಅಫೀಮು ಕುಡಿಸಿ ಕೈಹಿಡಿದು ಕುಳಿತಳು. ಮಾಳಿಂಗ ಕಾಸಿದ ಕತ್ತಿಯಿಂದ ಕೊಯ್ದ. ತೆಂಗಿನಕಾಯಿ ಗಾತ್ರದ ಗಂಟು, ಅಕ್ಕಿ ತೊಳೆದ ಕಲಗಚ್ಚಿನಂತಹ ನೀರು ತುಂಬಿದ್ದು, ಇಡಿಯಾಗಿ ಹೊರಬಂತು. ತಿಂಗಳಲ್ಲಿ ಕುಮಾರಿ ಎದ್ದು ನಡೆದಳು. ಮಗಳೆದುರು ಅರಸ ತಲೆಯೆತ್ತಲಿಲ್ಲ.

“ಅರ್ಧ ರಾಜ್ಯ ಕೇಳಪ್ಪ,” ಎಂದ ಮಾಳಿಂಗನಿಗೆ.

“ಬೇಡ, ಬುದ್ಧಿ. ಒಂದು ದಿನದ ಮಟ್ಟಿಗೆ ಡಂಗುರ ಕೊಡಿ.”

ಮರುದಿನ ತನ್ನೂರಿನ ಕೇರಿಕೇರಿಯಲ್ಲಿ ಅವನೇ ಅದನ್ನು ಬಾರಿಸಿದ. “ಕೇಳ್ರಪ್ಪೋ ಕೇಳಿ! ನಿಂಗವ್ವ ಬಸುರಿಯಾಗಿರಲಿಲ್ಲ. ಅವಳಿಗೆ ಗಂಟಾಗಿತ್ತು. ಬಾಗಿಲು ಹಾಕಿದವನು ಅವಳಣ್ಣ, ನಾನೇ.”