ಬೊಕ್ಕಸ ಸೇರಿದ ಬಲಗಾಲು

"ನನ್ನ ಸೋದರಳಿಯನ ಬಲಗಾಲಿಗೆ ತಿಂಗಳಿಗೆ ಸಾವಿರ ವರಹ. ಒಂದು ಕಾಸು ಕಡಿಮೆಯಾದರೂ ನಾಳೆಯೇ ಅವನು ಪಕ್ಕದ ಕಡಗೂರಿನ ಪರವಾಗಿ ಚೆಂಡು ಒದೆಯುತ್ತಾನೆ" ಎಂದು ಮಾಳಿಗಯ್ಯ ಬಿಲ್ಲಗೆರೆಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಮಾಳಿಗಯ್ಯ ಹುಟ್ಟಿದಾರಭ್ಯ ಚೆಂಡು ಮುಟ್ಟಿದವನಲ್ಲ. ಅವನ ಅಳಿಯ ದುಗ್ಗಪ್ಪ ಬಿಲ್ಲಗೆರೆಯ ಕಾಲ್ಚೆಂಡಿನ ತಂಡದಲ್ಲಿ ಹೆಸರುವಾಸಿ. ಅಳಿಯ ಒದೆಯುತ್ತಿದ್ದ, ಮಾವ ಮಾತಾಡುತ್ತಿದ್ದ; ಬಂದದ್ದರಲ್ಲಿ ಹತ್ತಕ್ಕೊಂದು ಪಾಲು ಮಾತಿಗೆ. ಮೊದಲ ವರ್ಷ ದುಗ್ಗಪ್ಪನ ಸಂಬಳ ತಿಂಗಳಿಗೆ ಎರಡು ವರಹ. ಕಡಗೂರಿನವರು ಇಪ್ಪತ್ತು ಕೊಡುತ್ತಾರಂತೆ ಎಂಬ ಸುದ್ದಿ ಬಂತು, ನಲವತ್ತಾಯಿತು. ಇನ್ನೂರು ಕೊಡುತ್ತಾರಂತೆ ಎಂದಿತು ಸುದ್ದಿ, ನಾನೂರಾಯಿತು. ಕಡಗೂರಿನವರು ಹೀಗೆ ಹೇಳಿದ್ದನ್ನು ಸ್ವಂತ ಕಿವಿಯಿಂದ ಕೇಳಿದವನು ಸೀಮೆಗೆಲ್ಲ ಮಾಳಿಗಯ್ಯ ಒಬ್ಬನೇ. ಕಳೆದ ಮೂರು ಪಂದ್ಯಗಳಲ್ಲಿ ದುಗ್ಗಪ್ಪ ಒಮ್ಮೆಯೂ ಚೆಂಡನ್ನು ಗೂಟಗಳ ನಡುವೆ ತೂರಿಸಿರಲಿಲ್ಲ, ನಿಜ. ಆದರೆ ಗುರಿ ತಪ್ಪಿಸಿದ ರೀತಿ ಬಹಳ ಸೊಗಸಾಗಿತ್ತೆಂದು ಊರೆಲ್ಲ ಕೊಂಡಾಡಿತ್ತು.

ದೊರೆ ಸರ್ಜಪ್ಪ ನಾಯಕನಿಗೆ ಚೆಂಡಾಟವೆಂದರೆ ಹುಚ್ಚು. ಬೊಕ್ಕಸದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದ ಹಂಪಣ್ಣನತ್ತ ತಿರುಗಿ, "ಸಾವಿರ ಹೊಂದಿಸು" ಎಂದ.

"ಎಲ್ಲಿಂದ ಪ್ರಭು?"

"ಬೇಡದ ಖರ್ಚು ನಿಲ್ಲಿಸು. ಆ ಸೂಲಗಿತ್ತಿ ಲಿಂಗವ್ವನಿಗೆ ಅರಮನೆಯಿಂದ ಸಂಬಳ ಯಾಕೆ? ಮಕ್ಕಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ."

ಲಿಂಗವ್ವನ ಸಂಬಳ ವರ್ಷಕ್ಕೆ ಮೂರು ವರಹ. ಸಾವಿರ ಹುಡುಕುವವರು ಯಾವಾಗಲೂ ಮೂರು ವರಹದವರ ಮನೆಯಿಂದಲೇ ಶುರು ಮಾಡುತ್ತಾರೆ.

ಹಂಪಣ್ಣನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಒಂಬತ್ತು ತುಂಬಿತ್ತು. ಸಂಬಳ ನಿಂತರೆ ಲಿಂಗವ್ವ ದೂರದ ಮಗನ ಊರಿಗೆ ಗಾಡಿ ಹತ್ತುವುದು ಖಂಡಿತ. ಅವಳನ್ನು ಬಿಟ್ಟರೆ ಸುತ್ತ ಹತ್ತು ಹಳ್ಳಿಯಲ್ಲಿ ಇನ್ನೊಬ್ಬ ಸೂಲಗಿತ್ತಿ ಇರಲಿಲ್ಲ. ಹಂಪಣ್ಣನಿಗೆ ಭಯವಾಯಿತು, ಭಯವಾದಾಗಲೆಲ್ಲ ಅವನು ಬಹಳ ವಿನಯವಂತನಾಗುತ್ತಿದ್ದ.

"ಕೊಡೋಣ ಪ್ರಭು. ಒಂದೇ ಅನುಮಾನ, ಮಾಳಿಗಯ್ಯನವರೇ. ಈ ಸಾವಿರ ಇಡೀ ದುಗ್ಗಪ್ಪನಿಗೋ?"

"ಇಡೀ ದುಗ್ಗಪ್ಪನನ್ನು ಕಟ್ಟಿಕೊಂಡು ಯಾರಿಗೇನಾಗಬೇಕು? ಕೈ, ಹೊಟ್ಟೆ, ತಲೆ ಎಲ್ಲರಿಗೂ ಇವೆ. ಬೆಲೆ ಬಲಗಾಲಿನದು."

"ತಲೆಗೆ ಏನೂ ಇಲ್ಲವೇ?"

"ಏನೂ ಇಲ್ಲ" ಎಂದ ಮಾಳಿಗಯ್ಯ. ದುಗ್ಗಪ್ಪನೂ ಹೆಮ್ಮೆಯಿಂದ ತಲೆಯಾಡಿಸಿದ.

ಹಂಪಣ್ಣ ಹಾಗೆಯೇ ಕರಾರು ಬರೆದ: ದುಗ್ಗಪ್ಪನ ಬಲಗಾಲು ಸಾವಿರ ವರಹ ಬೆಲೆಯ ಅರಮನೆಯ ಸ್ವತ್ತು. ಮಾವ, ಅಳಿಯ ಇಬ್ಬರೂ ರುಜು ಹಾಕಿದರು. ದೊರೆ ಮುದ್ರೆ ಒತ್ತಿದ.

ಸಂಜೆ ಹಣ ಪಡೆಯಲು ಇಬ್ಬರೂ ಬೊಕ್ಕಸಕ್ಕೆ ಬಂದರು. ದೊರೆಯೂ ನೋಡಲು ಬಂದ. ಅಲ್ಲಿ ಒಂದು ತೇಗದ ಪೆಟ್ಟಿಗೆ ಇತ್ತು. ಅದರ ಒಂದು ಬದಿಯ ಹಲಗೆಯಲ್ಲಿ ತೊಡೆ ಗಾತ್ರದ ತೂತು ಕೊರೆದಿದ್ದರು.

"ಕಾಲು ಇಡಪ್ಪ" ಎಂದ ಹಂಪಣ್ಣ.

"ಯಾಕೆ?"

"ದೊಡ್ಡ ನಾಯಕರ ಕಾಲದ ಕಟ್ಟಳೆ. ಸಾವಿರ ವರಹ ಮುಟ್ಟಿದ ಅರಮನೆಯ ಸ್ವತ್ತು ಯಾವುದೇ ಇರಲಿ, ಹೊತ್ತು ಮುಳುಗುವುದರೊಳಗೆ ಬೊಕ್ಕಸ ಸೇರಬೇಕು. ರಾಣಿಯವರ ಮುತ್ತಿನ ಹಾರವೂ ದಿನಾ ಇಲ್ಲಿಗೇ ಬರುತ್ತದೆ."

ಮಾಳಿಗಯ್ಯ ದೊರೆಯ ಮುಖ ನೋಡಿದ. ದೊರೆ ಗೋಡೆ ನೋಡಿದ. ಈ ಕಟ್ಟಳೆಗಾಗಿ ರಾಣಿ ಅವನೊಡನೆ ಜಗಳವಾಡದ ಸಂಜೆಯಿರಲಿಲ್ಲ. ಹಾರಕ್ಕಿಲ್ಲದ ವಿನಾಯಿತಿ ಕಾಲಿಗೆ ಕೊಟ್ಟು ಅಂತಃಪುರಕ್ಕೆ ಹೋಗುವ ಧೈರ್ಯ ಅವನಿಗಿರಲಿಲ್ಲ.

"ಬೆಳಿಗ್ಗೆ ಆಟಕ್ಕೆ ಬಿಡುತ್ತೀರಲ್ಲ?" ಎಂದು ದುಗ್ಗಪ್ಪ ಕೇಳಿದ.

"ಸಾವಿರ ವರಹದ ಸ್ವತ್ತನ್ನು ಚೆಂಡಿಗೆ ಒದ್ದು ಸವೆಸುವುದೇ? ನವರಾತ್ರಿಗೆ ಒಂದು ದಿನ ಹೊರಗೆ ತೆಗೆದು, ಅರಿಸಿನ ಕುಂಕುಮ ಹಚ್ಚಿ, ಮತ್ತೆ ಒಳಗೆ ಇಡುತ್ತೇವೆ."

"ಮತ್ತೆ ನಾನು?"

"ನಿನಗೇನು ತಡೆ? ಕಾಲನ್ನು ಇಲ್ಲಿ ಬಿಟ್ಟು ಎಲ್ಲಿಗೆ ಬೇಕಾದರೂ ಹೋಗು."

ದುಗ್ಗಪ್ಪ ಮಾವನ ಕಡೆ ತಿರುಗಿದ. "ಸಾವಿರ ಕಣೋ" ಎಂದು ಮಾವ ಪಿಸುಗುಟ್ಟಿದ. "ಒಂದೆರಡು ವರ್ಷ ಕೂತುಕೋ. ಊಟ ನಾನು ತಂದುಕೊಡುತ್ತೇನೆ."

ಕಾವಲಿನವರು ಕಾಲು ಎತ್ತಿ ಪೆಟ್ಟಿಗೆಗೆ ತೂರಿಸತೊಡಗಿದರು. ದುಗ್ಗಪ್ಪ ಬೆವೆತುಹೋದ. "ಸ್ವಾಮಿ, ಒಂಬೈನೂರು ಸಾಕು."

"ಒಂಬೈನೂರಕ್ಕೆ ಪೆಟ್ಟಿಗೆ ಬೇಡ. ಬೆಳ್ಳಿ ಪಾತ್ರೆ ಇಡುವ ಕೋಣೆಯಲ್ಲಿ ಸರಪಳಿ."

"ಐನೂರು."

"ಐನೂರಕ್ಕೆ ಇಬ್ಬರು ಕಾವಲು. ಬಚ್ಚಲಿಗೂ ಬರುತ್ತಾರೆ."

"ನೂರು, ಸ್ವಾಮಿ."

"ಅಯ್ಯೋ ಅಳಿಯಾ" ಎಂದು ಮಾಳಿಗಯ್ಯ ತನ್ನ ಕಾಲೇ ಹೋದವನಂತೆ ನರಳಿದ.

"ನೀನು ಸುಮ್ಮನಿರು ಮಾವ. ಪ್ರಭು, ಈ ಕಾಲಿಗೆ ಏನೂ ಬೆಲೆಯಿಲ್ಲ. ಮಂಡಿ ಕಟಕಟ ಅನ್ನುತ್ತದೆ. ಮೂರು ಪಂದ್ಯದಿಂದ ಇದು ಒಂದು ಚೆಂಡನ್ನೂ ಗುರಿ ಮುಟ್ಟಿಸಿಲ್ಲ."

"ನಾನೂ ನೋಡುತ್ತಲೇ ಇದ್ದೆ" ಎಂದ ದೊರೆ, ಈಗಷ್ಟೇ ಕಣ್ಣು ಬಿಟ್ಟವನಂತೆ. "ಹಂಪಣ್ಣ, ಹಾಗಾದರೆ ಇದರ ನಿಜವಾದ ಬೆಲೆ ಎಷ್ಟು?"

"ನನಗೆ ಗೊತ್ತಿಲ್ಲ ಪ್ರಭು. ಈ ಕಾಲನ್ನು ಎಲ್ಲರಿಗಿಂತ ಮೊದಲು ಹಿಡಿದವರನ್ನು ಕೇಳೋಣ" ಎಂದು ಹಂಪಣ್ಣ, ಕೊನೆಯ ಸಂಬಳಕ್ಕಾಗಿ ಗಂಟುಮೂಟೆ ಸಮೇತ ಹೊರಗೆ ಕೂತಿದ್ದ ಲಿಂಗವ್ವನನ್ನು ಕರೆದ.

ಲಿಂಗವ್ವ ಬಗ್ಗಿ ಕಾಲು ನೋಡಿದಳು. "ಇದಾ ಬುದ್ಧಿ? ಗೊತ್ತಿಲ್ದೆ ಏನು. ಇವ್ನು ಹುಟ್ಟೋವಾಗ ತಲೆ ಬರ್ಲಿಲ್ಲ, ಈ ಬಲಗಾಲೇ ಮೊದ್ಲು ಬಂತು. ಎರಡು ದಿನ ಇವ್ರವ್ವನ ಪಕ್ಕ ಕೂತಿದ್ದೆ. ತಾಯಿನೂ ಉಳಿಸ್ದೆ, ಇವ್ನನ್ನೂ ಉಳಿಸ್ದೆ."

ದೊರೆಗೆ ನಾಚಿಕೆಯಾಯಿತು. "ನಿನ್ನ ಸಂಬಳ ನಿಲ್ಲುವುದಿಲ್ಲ ಲಿಂಗವ್ವ. ಇವತ್ತಿನಿಂದ ವರ್ಷಕ್ಕೆ ಮೂವತ್ತು ವರಹ. ಗಂಟು ಬಿಚ್ಚು" ಎಂದ. ಹಂಪಣ್ಣ ಬೆಳಗಿನಿಂದ ಹಿಡಿದುಕೊಂಡಿದ್ದ ಉಸಿರು ಬಿಟ್ಟ.

"ಈಗ ಹೇಳು" ಎಂದ ದೊರೆ. "ಅವತ್ತು ಈ ಕಾಲನ್ನು ಹೊರಗೆ ತಂದದ್ದಕ್ಕೆ ನಿನಗೆ ಎಷ್ಟು ಕೊಟ್ಟರು? ಅದೇ ಬೆಲೆ ಬರೆಸುತ್ತೇನೆ."

"ಒಂದು ಸೇರು ರಾಗಿ, ಒಂದು ತೆಂಗಿನಕಾಯಿ ಅಂತ ಮಾತಾಗಿತ್ತು ಬುದ್ಧಿ. ಈ ಮಾಳಿಗಯ್ಯನೋರೇ ಚೌಕಾಸಿ ಮಾಡಿ ಅರ್ಧ ಕಾಯಿ ಇಟ್ಕೊಂಡ್ರು" ಎಂದಳು ಲಿಂಗವ್ವ. "ಅದೂ ಎರಡೂ ಕಾಲಿಗೆ ಸೇರಿ."