ತಿರುಗಿ ಬಾರದ ಪಾತ್ರೆಗಳು

ತನ್ನ ಮನೆ ಸುಟ್ಟುಹೋದ ಎಂಟನೆಯ ದಿನ ಶಿಷ್ಯನೊಬ್ಬ ಮಠಕ್ಕೆ ಬಂದು ಬಾಗಿಲ ಹೊರಗೇ ನಿಂತ. "ಗುರುಗಳೇ, ಒಂದು ಹಣ್ಣಾದರೂ ಹಿಡಿಯದೆ ನಾನು ನಿಮ್ಮ ಬಳಿಗೆ ಬಂದವನಲ್ಲ. ಈಗ ಬರಿಗೈಯಲ್ಲಿ ಹೇಗೆ ಒಳಗೆ ಬರಲಿ?" ಎಂದು ಕೇಳಿದ.

ಗುರುಗಳು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತರು. "ಹಾಗಾದರೆ ಇಲ್ಲೇ ಕೇಳು" ಎಂದರು.

ಒಂದೂರಿನಲ್ಲಿ ಒಬ್ಬ ಬುಟ್ಟಿ ಹೆಣೆಯುವವನಿದ್ದ. ಮನೆ ತುಂಬ ಒಣಬಿದಿರು. ಒಲೆಯ ಕಿಡಿಯೊಂದು ಹಾರಿತು. ಊರವರು ಕೊಡ ಹಿಡಿದು ಓಡಿಬರುವಷ್ಟರಲ್ಲಿ ಮನೆ ಮುಗಿದಿತ್ತು. ಗಂಡ ಹೆಂಡತಿ ಉಳಿದರು, ಒಂದು ಮಚ್ಚು ಉಳಿಯಿತು.

ಬೂದಿಯ ಪಕ್ಕದಲ್ಲೇ ಅವರು ಚಪ್ಪರ ಹಾಕಿಕೊಂಡರು. ಬೂದಿಯನ್ನು ಮಾತ್ರ ಮುಟ್ಟಲಿಲ್ಲ. ಬೀದಿಯವರು ದಿನಾ ಊಟ ಕಳಿಸಿದರು. ಆದರೆ ಆ ಊರಿನಲ್ಲಿ ಒಂದು ರೂಢಿ. ತುಂಬಿ ಬಂದ ಪಾತ್ರೆ ಬರಿದಾಗಿ ಹಿಂದಕ್ಕೆ ಹೋಗಬಾರದು, ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಬುಟ್ಟಿಯವನ ಬಳಿ ಆ ಚಿಟಿಕೆಯೂ ಇರಲಿಲ್ಲ. ಪಾತ್ರೆಗಳು ಚಪ್ಪರದಲ್ಲೇ ಉಳಿದವು. ವಾಪಸ್ ಕೇಳುವುದು ಮರ್ಯಾದೆಯಲ್ಲ ಎಂದು ಬೀದಿಯವರೂ ಸುಮ್ಮನಿದ್ದರು. ಹದಿನೈದು ದಿನಕ್ಕೆ ಬೀದಿಯಲ್ಲಿ ಪಾತ್ರೆಯೇ ಇಲ್ಲ. ಒಬ್ಬಾಕೆ ಸ್ನಾನದ ತಂಬಿಗೆಯಲ್ಲಿ ಬೇಳೆ ಬೇಯಿಸಿದಳು. ಅವಳ ಗಂಡ ಎರಡು ದಿನ ಸ್ನಾನ ಮಾಡಲಿಲ್ಲ. ಅದನ್ನು ಅವನೇನೂ ಕಷ್ಟ ಎಂದುಕೊಳ್ಳಲಿಲ್ಲ.

ಬುಟ್ಟಿಯವನು ಮಾತ್ರ ಕುಗ್ಗಿಹೋದ. ಕೊಡುವುದಕ್ಕೇನೂ ಇಲ್ಲದೆ ಬರೀ ತಿನ್ನುತ್ತಾ ಕೂರಲಾರೆ, ಊರು ಬಿಡೋಣ ಎಂದು ಹೆಂಡತಿಗೆ ಹೇಳಿದ. ಮಚ್ಚನ್ನು ಬಟ್ಟೆಯಲ್ಲಿ ಸುತ್ತಿದ. ಅಷ್ಟರಲ್ಲಿ ಎದುರುಮನೆಯ ಅಜ್ಜಿ ಕೋಲೂರಿಕೊಂಡು ಬಂದಳು.

"ಹೊರಟೆಯೇನೋ? ಹೋಗು. ನನ್ನ ಬೋಗುಣಿ ಕೊಟ್ಟು ಹೋಗು."

"ಬರಿದಾಗಿ ಹೇಗೆ ಕೊಡಲಿ ಅಜ್ಜಿ? ನನ್ನ ಹತ್ತಿರ ಇರುವುದು ಬೂದಿ ಒಂದೇ."

ಅಜ್ಜಿ ಬೋಗುಣಿಯೊಳಗೆ ಬೆರಳಾಡಿಸಿದಳು. "ಸಾರಿನ ಜಿಡ್ಡು ಹಾಗೇ ಇದೆ. ಇದನ್ನು ಸಕ್ಕರೆ ಹಾಕಿ ತಿಕ್ಕಲೇನೋ ದಡ್ಡ? ಬೂದಿ ತುಂಬಿ ಕೊಡು."

ಮೊದಲ ಹಿಡಿಯನ್ನು ಅವನು ಎತ್ತಿ ಮತ್ತೆ ಕೆಳಗೆ ಬಿಟ್ಟ, ಆಮೇಲೆ ಬೋಗುಣಿಗೆ ತುಂಬಿದ. ಅಜ್ಜಿ ಕಂಡೂ ಕಾಣದವಳಂತೆ ಎಲೆಯಡಿಕೆ ಹಾಕಿಕೊಂಡಳು.

ಅವಳ ಹಿಂದೆಯೇ ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ಪಾತ್ರೆಗೆ ಬಂದರು. ಮನೆಮನೆಗೂ ಒಲೆ ಇದ್ದ ಊರಿನಲ್ಲಿ ಬೂದಿಗೇನೂ ಬರವಿರಲಿಲ್ಲ. ಆದರೂ ಬಿದಿರಿನ ಬೂದಿ ಕೊಡುವ ಹೊಳಪು ಬೇರೆ ಬೂದಿಯಿಂದ ಬರುವುದಿಲ್ಲ ಎಂದು ಒಬ್ಬರಿಗಿಂತ ಒಬ್ಬರು ಹೊಗಳಿದರು. ಮೂರು ಸಲ ಬಂದವರೂ ಇದ್ದರು. ಸಂಜೆಯ ಹೊತ್ತಿಗೆ ಬೂದಿ ಮುಗಿದು ಕೆಳಗೆ ಮನೆಯ ನೆಲ ಕಾಣಿಸಿತು. ಹೆಂಡತಿ ಪೊರಕೆ ಕೇಳಿ ತಂದಳು. ಬುಟ್ಟಿಯವನು ಮಚ್ಚಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅದನ್ನು ತೆಗೆದುಕೊಂಡು ಬಿದಿರು ಕಡಿಯಲು ಹೋದ.

ಕತೆ ಮುಗಿಯಿತು. ಒಳಗೆ ಮಠದ ದೊಡ್ಡ ಒಲೆ ಎಂದಿನಂತೆ ಹೊಗೆಯಾಡುತ್ತಿತ್ತು. ಶಿಷ್ಯ ತನ್ನ ಖಾಲಿ ಅಂಗೈಗಳನ್ನೇ ನೋಡುತ್ತಾ ನಿಂತಿದ್ದ.

ಗುರುಗಳು ಅವನ ಹೆಗಲು ಹಿಡಿದು ಮೇಲೆದ್ದು ಹೇಳಿದರು: "ನಮ್ಮ ಮಠದಲ್ಲಿ ಪಾತ್ರೆ ತಿಕ್ಕಲು ಒಂದು ಹಿಡಿ ಬೂದಿಯೂ ಇಲ್ಲ, ಮಗು."