ಅಸ್ಟಟೀನಿನ ಹೆಸರು

ಉಪ್ಪು ಹುಟ್ಟಿಸುವ ಹ್ಯಾಲೊಜನ್ ಮನೆತನದಲ್ಲಿ ಕೊನೆಯ ತಂಗಿ ಹುಟ್ಟಿದಳು. ಚೂರೇ ಚೂರು ಇದ್ದಳು, ಮೈ ಸುಡುತ್ತಿತ್ತು.

"ಅಣ್ಣಾ, ನನ್ನ ಹೆಸರೇನು?" ಎಂದು ಕೇಳಿದಳು.

"ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುತ್ತೇವೆ. ಅದು ಪದ್ಧತಿ," ಎಂದ ಕ್ಲೋರಿನ್.

"ಎಂಟು ಗಂಟೆಯೊಳಗೆ ನಾನು ಅರ್ಧ ಆಗುತ್ತೇನಣ್ಣಾ. ಇನ್ನೆಂಟು ಗಂಟೆಯಲ್ಲಿ ಅದರಲ್ಲೂ ಅರ್ಧ."

"ಹುಟ್ಟಿದ ಕೂಡಲೇ ಹೊರಡುವ ಮಾತೇ? ನಮ್ಮ ಹಾಗೆ ಒಂದು ಬಣ್ಣ, ಒಂದು ವಾಸನೆ ಬರಲಿ. ಆಮೇಲೆ ಹೆಸರು."

ಅಕ್ಕ ಅಯೋಡಿನ್ ಊರವರ ಗಾಯಕ್ಕೆಲ್ಲ ಹಚ್ಚಿಸಿಕೊಂಡು ದಣಿದಿದ್ದಳು. ನೋವು ದಿನ ನೋಡಿ ಕಾಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎದ್ದು ಬಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು.

"ಅಸ್ಟಟೀನ್," ಎಂದು ಕಿವಿಯಲ್ಲಿ ಕರೆದಳು.

"ಓ," ಎಂದಿತು ಮಗು. "ಹಾಗಂದರೇನಕ್ಕಾ?"

"ಗ್ರೀಕ್ ಮಾತಿನಲ್ಲಿ ನಿಲ್ಲದವಳು ಅಂತ."

"ಥೂ, ಇಡುವುದಕ್ಕೆ ಬೇರೆ ಹೆಸರು ಸಿಗಲಿಲ್ಲವೇ?" ಎಂದು ಕ್ಲೋರಿನ್ ಬೈದ.

"ಇರುವಷ್ಟು ಹೊತ್ತು ಓ ಅನ್ನಲಿ ಬಿಡೋ," ಎಂದಳು ಅಯೋಡಿನ್. ಅವಳು ಕರೆಯುತ್ತಲೇ ಇದ್ದಳು. ಓ ಅನ್ನುವ ದನಿ ಅರ್ಧವಾಯಿತು, ಕಾಲಾಯಿತು, ಆಮೇಲೆ ಕೇಳಿಸಲಿಲ್ಲ.

ಹನ್ನೆರಡನೆಯ ದಿನ ಕ್ಲೋರಿನ್ ಮಾತಿಗೆ ತಪ್ಪದೆ ತೊಟ್ಟಿಲು ಕಟ್ಟಿದ. ಬಹಳ ಹೊತ್ತು ಅದರ ಪಕ್ಕದಲ್ಲಿ ಕೂತಿದ್ದ. ಕಡೆಗೆ ಬಗ್ಗಿ, "ಅಸ್ಟಟೀನ್," ಎಂದ. ಕರೆಯುವುದಕ್ಕೆ ಅವನಿಗೂ ಅದೊಂದೇ ಹೆಸರಿತ್ತು.